ಚಿತ್ರ ಬರೆಯುವ ಮಕ್ಕಳಿಗೆ ನಮ್ಮ ಉತ್ತರವೇನು?

ಅಭ್ಯಾಸ ಬೋಧನೆಯಲ್ಲಿ 10ನೇ ತರಗತಿಗೆ ಹೃದಯದ ರಚನೆಯನ್ನು ಪಾಠ ಮಾಡಿದೆ. ಒಬ್ಬ ವಿದ್ಯಾರ್ಥಿನಿ ಬರೆದ ಚಿತ್ರ ಕಪ್ಪುಹಲಗೆಯ ಮೇಲಿನ ನನ್ನ ಚಿತ್ರಕ್ಕಿಂತ ಅಚ್ಚುಕಟ್ಟಾಗಿತ್ತು. ಪೂರ್ಣ ಅಂಕ ಕೊಟ್ಟೆ. ‘ಸರ್, ಚಿತ್ರಕಲೆಯನ್ನೇ ಮುಂದೆ ಓದಬಹುದಾ?’ ಎಂದು ಕೇಳಿದಳು. ‘ಮೊದಲು ಸೈನ್ಸ್ ತಗೋ, ಆಮೇಲೆ ನೋಡೋಣ’ ಎಂದೆ. ಅದು ಸಲಹೆಯಾಗಿರಲಿಲ್ಲ, ನನ್ನ ಅಜ್ಞಾನವನ್ನು ಮುಚ್ಚಿಕೊಳ್ಳುವ ಮಾತಾಗಿತ್ತು.

ಆಮೇಲೆ ವಿಚಾರಿಸಿದೆ. 4 ವರ್ಷದ ದೃಶ್ಯಕಲಾ ಪದವಿಗೆ ಪಿಯುಸಿಯ ಯಾವ ವಿಭಾಗದವರೂ ಸೇರಬಹುದು. ಮೈಸೂರಿನ ಚಾಮರಾಜೇಂದ್ರ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು ನಮ್ಮ ರಾಜ್ಯದಲ್ಲೇ ಇವೆ. ಮೊದಲು ರೇಖೆ, ಬಣ್ಣ, ಆಕಾರಗಳ ಬುನಾದಿ. ಆಮೇಲೆ ವರ್ಣಚಿತ್ರ, ಶಿಲ್ಪ, ಅನ್ವಯಿಕ ಕಲೆ ಮುಂತಾದವುಗಳಲ್ಲಿ ಆಯ್ಕೆ. ಅಂದರೆ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ವಿಜ್ಞಾನವೋ ಕಲೆಯೋ ಎಂದು ಒಂದು ಬಾಗಿಲು ಮುಚ್ಚಬೇಕಿಲ್ಲ. ಆದರೆ ಪಿಯುಸಿಯ 2 ವರ್ಷ ಚಿತ್ರಾಭ್ಯಾಸ ನಿಲ್ಲಬಾರದು. ‘ಆಮೇಲೆ ನೋಡೋಣ’ ಎಂಬ ಮಾತು ನಿಲ್ಲಿಸುವುದು ಅದನ್ನೇ.

ಉದ್ಯೋಗದ ಬಗ್ಗೆ ಪೋಷಕರ ಆತಂಕ ಸಹಜ. ಜಾಹೀರಾತು, ಪುಸ್ತಕ ವಿನ್ಯಾಸ, ಚಿತ್ರಕಲಾ ಬೋಧನೆಯಂಥ ದಾರಿಗಳನ್ನು ತಿಳಿಸದೆ ಆ ಆತಂಕವನ್ನೇ ನಾವೂ ಪುನರುಚ್ಚರಿಸಬಾರದು.

ಪಾಠ ಯೋಜನೆಯ ಜೊತೆಗೆ ಇಂಥ ಕೋರ್ಸ್‌ಗಳ ಮಾಹಿತಿಯೂ ಪ್ರಶಿಕ್ಷಣಾರ್ಥಿಗಳ ಬಳಿ ಇರಲಿ. ಶಾಲೆ ಬಿಡುವ ಮೊದಲು ಆಕೆಗೆ ಇದೆಲ್ಲ ಹೇಳಿದೆ. ಆಕೆ ಕೇಳಿದ ದಿನವೇ ಹೇಳಬೇಕಿತ್ತು.