ಗ್ರಾಮವು ದತ್ತುಪುತ್ರನಲ್ಲ

ವಿದ್ಯೆಯು ವಿದ್ಯಾಲಯದ ಪ್ರಾಕಾರದೊಳಗೇ ಉಳಿದರೆ ನಿಂತ ನೀರಿನಂತೆ ಕೆಡುತ್ತದೆ. ಈ ತತ್ತ್ವವನ್ನು ಆಳುವವರೂ ಮನಗಂಡಿದ್ದಾರೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾಯಿತು. 1977ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಬೋಧನೆ, ಸಂಶೋಧನೆಗಳೊಡನೆ ವಿಸ್ತರಣ ಸೇವೆಯನ್ನೂ ಉಚ್ಚಶಿಕ್ಷಣದ ಮೂರನೆಯ ಕರ್ತವ್ಯವೆಂದು ಅಂಗೀಕರಿಸಿತು. 2014ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಉನ್ನತ ಭಾರತ ಅಭಿಯಾನವು ಪ್ರತಿಯೊಂದು ವಿದ್ಯಾಸಂಸ್ಥೆಗೂ ಕನಿಷ್ಠ ಐದು ಗ್ರಾಮಗಳ ಹೊಣೆಯನ್ನು ಒಪ್ಪಿಸುತ್ತದೆ. ಇವೆಲ್ಲವೂ ಸ್ತುತ್ಯರ್ಹವೇ.

ಆದರೆ ಈ ಯೋಜನೆಗಳ ಭಾಷೆಯಲ್ಲಿ ಒಂದು ಶಬ್ದವು ರೂಢಿಗೆ ಬಂದಿದೆ: ಗ್ರಾಮವನ್ನು 'ದತ್ತು ತೆಗೆದುಕೊಳ್ಳುವುದು.' ದತ್ತ ಎಂದರೆ ಕೊಡಲ್ಪಟ್ಟದ್ದು. ಹೆತ್ತವರು ಕೊಟ್ಟರಷ್ಟೇ ಮಗುವು ದತ್ತಕವಾಗುತ್ತದೆ. ಇಲ್ಲಿ ಊರನ್ನು ಕೊಟ್ಟವರು ಯಾರು? ಶಿಲಾಶಾಸನಗಳಲ್ಲಿ ಹೆಸರುಳ್ಳ ಊರನ್ನು ನಿನ್ನೆ ಮೊನ್ನೆ ಹುಟ್ಟಿದ ಕಾಲೇಜು ದತ್ತು ತೆಗೆದುಕೊಳ್ಳುವುದೆಂದರೆ, ಮೊಮ್ಮಗನು ಅಜ್ಜನನ್ನು ತೊಟ್ಟಿಲಲ್ಲಿ ಮಲಗಿಸಿದಂತೆ.

ಶಬ್ದದೋಷವು ಕಾರ್ಯದೋಷವಾಗಿ ಪರಿಣಮಿಸುತ್ತದೆ. ತೊಟ್ಟಿಲ ಕೂಸಿನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಊರನ್ನು ಕೇಳದೆ ಯೋಜನೆ ಸಿದ್ಧವಾದಲ್ಲಿ, ಮಾರ್ಚ್ 31ರೊಳಗೆ ಹಣ ತೀರಬೇಕೆಂಬ ಆತುರವೇ ಅದನ್ನು ನಡೆಸುತ್ತದೆ. ಏಳು ದಿನಗಳ ಶಿಬಿರದಲ್ಲಿ ಬೀದಿ ಗುಡಿಸಿ, ಸಸಿ ನೆಟ್ಟು, ಛಾಯಾಚಿತ್ರ ತೆಗೆಸಿಕೊಂಡು ಎಲ್ಲರೂ ಮರಳುತ್ತಾರೆ. ಸಸಿಯು ನೀರು ಬೇಡುವ ಬಿರುಬೇಸಗೆಯಲ್ಲಿ ವಿದ್ಯಾರ್ಥಿಗಳು ಪರೀಕ್ಷೆಯ ಕೊಠಡಿಯಲ್ಲಿರುತ್ತಾರೆ.

ಊರಿನ ಬಳಿ ಕೊಡಲು ಏನಿದೆ ಎಂದು ಕೆಲವರು ಕೇಳಬಹುದು. ಕೆರೆಗೆ ನೀರು ತರುವ ಕಾಲುವೆ ಎಲ್ಲಿ ಮುಚ್ಚಿತು, ಹೂಳು ಯಾವ ಹೊಲಕ್ಕೆ ಹಿತ ಎಂಬುದನ್ನು ನೀರಗಂಟಿಯು ಬಲ್ಲನು. ಅವನ ನೆನಪೂ ಪ್ರಾಧ್ಯಾಪಕನ ನಕ್ಷೆಯೂ ಒಂದೆಡೆ ಕುಳಿತರೆ ಕೆರೆಗೆ ಹಿತವಾದೀತು. ಬೀಸುವ ಪದಗಳನ್ನು ಕಂಠಸ್ಥ ಮಾಡಿಕೊಂಡ ಮುದುಕಿಯು ಕನ್ನಡ ಸಂಶೋಧಕನಿಗೆ ಗುರುಸ್ಥಾನದಲ್ಲಿರುವವಳು. ಅವನ ಗ್ರಂಥದಲ್ಲಿ ಆಕೆಯ ಹೆಸರಿರಬೇಕು. ಅನುದಾನದಲ್ಲಿ ಆಕೆಗೆ ಗೌರವಧನವಿರಬೇಕು.

ಆದ್ದರಿಂದ ಅನುದಾನದ ಅರ್ಜಿಯು ಆಯೋಗವನ್ನು ತಲುಪುವ ಮುನ್ನ ಗ್ರಾಮಸಭೆಯ ಮುಂದೆ ಬರುವುದು ಯುಕ್ತ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಆ ಸಭೆಗೆ ಸಂವಿಧಾನದಲ್ಲೇ ಸ್ಥಾನ ಕೊಟ್ಟಿದೆ. ಸಭೆಯಲ್ಲಿ ಬಲಿಷ್ಠರ ಮಾತೇ ನಡೆಯುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಅದಕ್ಕೆ ಪರಿಹಾರವು ಸಭೆಯನ್ನು ಬಿಡುವುದಲ್ಲ. ಕೇರಿಕೇರಿಗೂ ಹೋಗಿ, ಹೆಣ್ಣುಮಕ್ಕಳನ್ನೂ ಕೂಲಿಕಾರರನ್ನೂ ಪ್ರತ್ಯೇಕವಾಗಿ ಕೇಳಿ ಬರುವುದು. ಕಾರ್ಯದ ಅವಧಿ ಒಂದು ವರ್ಷಕ್ಕೆ ಮುಗಿಯದೆ ಮೂರು ವರ್ಷವಾದರೂ ಇರಲಿ. ಖರ್ಚಿನ ಲೆಕ್ಕವನ್ನು ಊರ ಕಟ್ಟೆಯ ಮೇಲೆ ತಿಳಿಗನ್ನಡದಲ್ಲಿ ಓದಿ ಹೇಳುವ ಪದ್ಧತಿ ಬರಲಿ.

ಈ ಶಾಲೆಯ ಮಕ್ಕಳಲ್ಲಿ ಅನೇಕರು ನಾಳೆ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತುವರು; ಕೆಲವರು ಸೇವಾಶಿಬಿರಕ್ಕೆಂದು ಹಳ್ಳಿಗಳಿಗೂ ಹೋಗುವರು. ಅಲ್ಲಿ ಗುದ್ದಲಿ ಹಿಡಿಯುವ ಮೊದಲು ಊರ ಹಿರಿಯರ ಬಳಿ ಕುಳಿತು, "ಏನು ಮಾಡಬೇಕು, ಹೇಳಿ" ಎಂದು ಕೇಳುವ ವಿನಯ ಅವರಲ್ಲಿರಲಿ.