ಹಿಂದಿರುಗುವ ಹೊತ್ತು

ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ಪಂಚಾಂಗ ನೋಡಿಸುವುದು ನಮ್ಮ ಮನೆಗಳ ಹಳೆಯ ಪದ್ಧತಿ. ರಾಹುಕಾಲ ಕಳೆದಿರಬೇಕು, ವಾರಶೂಲೆ ತಪ್ಪಿರಬೇಕು, ಹೊಸ್ತಿಲು ದಾಟುವ ಗಳಿಗೆ ಶುಭವಾಗಿರಬೇಕು. ಹಿಂದಿರುಗುವ ಗಳಿಗೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಹೋದ ಕೆಲಸ ಮುಗಿದಾಗ ಬರುವುದು, ಅಷ್ಟೆ. ಪರ್ವತಾರೋಹಿಗಳ ಪಂಚಾಂಗ ಇದಕ್ಕೆ ತೀರ ವಿರುದ್ಧವಾದುದು. ಅವರು ಮೊದಲು ಗೊತ್ತುಮಾಡಿಕೊಳ್ಳುವುದೇ ಹಿಂದಿರುಗುವ ಹೊತ್ತನ್ನು. ಶಿಖರ ಸಿಕ್ಕಿರಲಿ, ಬಿಟ್ಟಿರಲಿ, ಆ ಹೊತ್ತಾಯಿತೆಂದರೆ ಹೆಜ್ಜೆ ಕೆಳಮುಖವಾಗಬೇಕು.

ಈ ವಿಷಯ ಈಗ ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಮನೆಮಾತಾಗುವ ಕಾಲ ಬಂದಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಹಿಮಾಲಯವು ಬಯಲುಸೀಮೆಗೆ ಬಹಳ ಹತ್ತಿರ ಸರಿದಿದೆ. ಬೆಳಗಿನ ಜಾವ ಅಲ್ಲಿ ವಿಮಾನ ಹತ್ತಿ, ದೆಹಲಿಯಲ್ಲಿ ಇನ್ನೊಂದಕ್ಕೆ ಬದಲಾಯಿಸಿಕೊಂಡರೆ ಅದೇ ದಿನ ಲೇಹ್ ತಲಪಬಹುದು. ಹಣ ಕೊಟ್ಟರೆ ಡೇರೆ, ಅಡಿಗೆ, ಹಗ್ಗ, ಮಾರ್ಗದರ್ಶಿ ಎಲ್ಲವನ್ನೂ ಒದಗಿಸುವ ಸಂಸ್ಥೆಗಳುಂಟು. ಮಗನೊಬ್ಬನು ರಾತ್ರಿಯ ಊಟದ ಹೊತ್ತಿನಲ್ಲಿ, ತಾನು ಲಡಾಖಿನ ಹಿಮಶಿಖರವೊಂದನ್ನು ಏರಲು ಹೊರಟಿರುವೆನೆಂದು ಹೇಳಿದರೆ, ತಂದೆ ಕೇಳುವ ಪ್ರಶ್ನೆ, “ಎಷ್ಟಾಗುತ್ತದೆ?” ತಾಯಿ ಕೇಳುವ ಪ್ರಶ್ನೆ, “ಜೊತೆಗೆ ಯಾರಿರುತ್ತಾರೆ?” ಎರಡರಲ್ಲಿ ತಾಯಿಯದೇ ಬುದ್ಧಿವಂತಿಕೆಯ ಪ್ರಶ್ನೆಯೆಂದು ಹೇಳಬೇಕು.

ಅಭ್ಯಾಸಕ್ಕೆ ಈ ಪ್ರಾಂತದಲ್ಲಿ ಬೆಟ್ಟಗಳ ಬಡತನವಿಲ್ಲ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯೊಂದೇ ಸಾಕು. ಗಂಗಾಧರೇಶ್ವರನ ಗುಡಿಯ ಬಳಿಯಿಂದ ಹೊರಟು, ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟು ಅದೃಷ್ಟ ಪರೀಕ್ಷೆ ಮಾಡಿ, ಮೇಲಿನ ಕಲ್ಲುಬಸವನನ್ನು ಕಂಡು ನೆತ್ತಿಗೆ ಹೋಗಿಬಂದವನಿಗೆ ತನ್ನ ತೊಡೆಗಳ ಯೋಗ್ಯತೆ ತಿಳಿಯುತ್ತದೆ. ದೊಡ್ಡಬಳ್ಳಾಪುರದವರಿಗೆ ಮಾಕಳಿದುರ್ಗವಿದೆ. ಬೆನ್ನಿಗೆ ಹತ್ತು ಕಿಲೋ ಭಾರ ಕಟ್ಟಿಕೊಂಡು ಮೂರು ನಾಲ್ಕು ತಿಂಗಳು ವಾರ ತಪ್ಪದೆ ಹತ್ತಿ ಇಳಿದರೆ ಕಾಲುಗಳು ಸಿದ್ಧವಾಗುತ್ತವೆ. ಹತ್ತುವುದಕ್ಕಿಂತ ಇಳಿಯುವುದನ್ನೇ ಹೆಚ್ಚು ಅಭ್ಯಾಸ ಮಾಡುವುದು ಲೇಸು. ಮಂಡಿ ಸೋಲುವುದು ಇಳಿಜಾರಿನಲ್ಲಿ.

ಆದರೆ ಈ ಸಿದ್ಧತೆಯೆಲ್ಲ ಕಾಲಿನದು, ರಕ್ತದ್ದಲ್ಲ. ಬೆಂಗಳೂರಿನ ಸುತ್ತಣ ನೆಲವೇ ಸಮುದ್ರಮಟ್ಟಕ್ಕೆ ಸುಮಾರು 3,000 ಅಡಿ ಎತ್ತರದಲ್ಲಿದೆ. ಶಿವಗಂಗೆಯ ನೆತ್ತಿ ಸುಮಾರು 4,500 ಅಡಿ. ದೇಹಕ್ಕೆ ಇದೊಂದು ಎತ್ತರವೇ ಅಲ್ಲ. ಲೇಹ್ ಸುಮಾರು 11,500 ಅಡಿಯಲ್ಲಿದೆ. 18,000 ಅಡಿಗೆ ಹೋಗುವಷ್ಟರಲ್ಲಿ ಗಾಳಿಯ ಒತ್ತಡ ಸಮುದ್ರತೀರದಲ್ಲಿರುವುದರ ಅರ್ಧಕ್ಕೆ ಇಳಿದಿರುತ್ತದೆ. ಎಳೆದುಕೊಂಡ ಒಂದೊಂದು ಉಸಿರಿಗೂ ಅರ್ಧ ಪಾಲು ಆಮ್ಲಜನಕ. ಇದಕ್ಕೆ ದೇಹ ಹೊಂದಿಕೊಳ್ಳುವುದುಂಟು. ಮೊದಲು ಉಸಿರಾಟ ಚುರುಕಾಗುತ್ತದೆ, ಬಳಿಕ ರಕ್ತದಲ್ಲಿ ಕೆಂಪುಕಣಗಳು ಹೆಚ್ಚುತ್ತವೆ. ಆದರೆ ಅದಕ್ಕೆ ದಿನಗಳು, ವಾರಗಳು ಬೇಕು. ಹಣದಿಂದಲಾಗಲಿ ತೋಳ್ಬಲದಿಂದಲಾಗಲಿ ಆ ಕೆಲಸವನ್ನು ಅವಸರಪಡಿಸಲಾಗದು. ಶಿವಗಂಗೆಯನ್ನು ಓಡಿ ಏರುವ ಇಪ್ಪತ್ತೈದರ ಯುವಕನು ಲೇಹ್‌ನಲ್ಲಿ ತಲೆನೋವಿನಿಂದ ಹಾಸಿಗೆ ಹಿಡಿದಿರುವಾಗ, ಜೊತೆಗೆ ಬಂದ ಐವತ್ತೈದರ ಸೋದರಮಾವ ಕಟ್ಟೆಯ ಮೇಲೆ ಕುಳಿತು ಸುಖವಾಗಿ ಚಹ ಕುಡಿಯುತ್ತಿರುವುದು ಅಪೂರ್ವವಾದ ದೃಶ್ಯವೇನೂ ಅಲ್ಲ. ಕಟ್ಟುಮಸ್ತಾದವನಿಗೆ ಒಂದು ಅಪಾಯ ಹೆಚ್ಚು: ತಲೆನೋವಿದೆಯೆಂದು ಬಾಯಿಬಿಡಲು ಅವನಿಗೆ ನಾಚಿಕೆ.

ವೈದ್ಯರ ಲೆಕ್ಕ ಇಷ್ಟು: 10,000 ಅಡಿ ದಾಟಿದ ಮೇಲೆ ಹಿಂದಿನ ರಾತ್ರಿ ಮಲಗಿದ್ದ ಜಾಗಕ್ಕಿಂತ 1,600 ಅಡಿಗೂ ಹೆಚ್ಚು ಎತ್ತರದಲ್ಲಿ ಮರುರಾತ್ರಿ ಮಲಗಬಾರದು; ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಏರದೆ ನಿಲ್ಲಬೇಕು. ಲಡಾಖಿನ ಮಾರ್ಖಾ ಕಣಿವೆಯ ತಲೆಯಲ್ಲಿರುವ ಕಾಂಗ್ ಯಾತ್ಸೆ ಶಿಖರದ ಎರಡನೆಯ ತುದಿ ಸುಮಾರು 6,250 ಮೀಟರು, ಎಂದರೆ 20,500 ಅಡಿ. ಮೊದಲ ಬಾರಿಗೆ ಹಿಮಶಿಖರ ಏರುವ ಅನೇಕರು ಆಯ್ದುಕೊಳ್ಳುವುದು ಇದನ್ನೇ. ಲೇಹ್‌ನಲ್ಲಿ ಮೂರು ರಾತ್ರಿ, ಕಣಿವೆಯ ನಡಿಗೆ, ಬುಡದ ಬಿಡಾರದಲ್ಲಿ ವಿಶ್ರಾಂತಿ, ಹವೆ ಕೆಟ್ಟರೆಂದು ಇಟ್ಟುಕೊಂಡ ಒಂದೆರಡು ದಿನ, ಇವೆಲ್ಲ ಸೇರಿದರೆ ಹನ್ನೊಂದು ಹನ್ನೆರಡು ದಿನಗಳಾದರೂ ಬೇಕು. ಕಚೇರಿಯಲ್ಲಿ ಒಂದು ವಾರದ ರಜೆ ಮಾತ್ರ ದೊರೆತಿದೆಯೆಂದು ಯಾತ್ರೆಯನ್ನೇ ಮೊಟಕು ಮಾಡಿಕೊಡುವ ಸಂಸ್ಥೆಯಿದ್ದರೆ, ಅದು ಕತ್ತರಿಸುತ್ತಿರುವುದು ವಿಶ್ರಾಂತಿಯ ದಿನಗಳನ್ನೇ. ದರದಲ್ಲಿ ಉಳಿದ ಹಣದ ಮೂಲ ಅಲ್ಲಿದೆ.

ಇನ್ನು ಮಾರ್ಗದರ್ಶಿಯ ವಿಚಾರ. ದಾರಿ ತೋರಿಸುವುದು ಅವನ ಕೆಲಸದ ಸಣ್ಣ ಭಾಗ. ಶಿಖರದ ದಿನ ನಡುರಾತ್ರಿಯ ಸುಮಾರಿಗೇ ಹೊರಡಿಸುತ್ತಾರೆ. ಚಳಿಗೆ ಹಿಮ ಗಟ್ಟಿಯಾಗಿದ್ದು ಬೂಟಿಗೆ ಕಟ್ಟಿದ ಕಬ್ಬಿಣದ ಮುಳ್ಳುಗಳು ಹಿಡಿದು ನಿಲ್ಲುತ್ತವೆ. ಬಿಸಿಲೇರಿದಂತೆ ಹಿಮ ಮೆತ್ತಗಾಗುತ್ತದೆ, ಮಧ್ಯಾಹ್ನದ ಮೇಲೆ ಮೋಡ ಕವಿಯುತ್ತದೆ. ಆದುದರಿಂದ ಇಂತಿಷ್ಟು ಗಂಟೆಗೆ ತಿರುಗಬೇಕೆಂಬ ಕಟ್ಟು. ತುದಿಗೆ ನೂರು ಹೆಜ್ಜೆ ಉಳಿದಿದ್ದರೂ, ಹಣ ಕೊಟ್ಟವನು ಕೈಮುಗಿದರೂ ಗದರಿದರೂ, “ಇನ್ನು ಸಾಕು, ಇಳಿಯೋಣ” ಎನ್ನುವುದಕ್ಕೇ ಅವನಿಗೆ ಸಂಬಳ.

ಆ ಮಾತು ಹೇಳುವುದು ಎಷ್ಟು ಕಷ್ಟವೆಂಬುದಕ್ಕೆ ನ್ಯೂಜಿಲೆಂಡಿನ ರಾಬ್ ಹಾಲ್ ಅವರ ಕತೆಯೇ ಸಾಕ್ಷಿ. ಹಣ ಪಡೆದು ಜನರನ್ನು ಎವರೆಸ್ಟ್ ಏರಿಸುವುದರಲ್ಲಿ ಅವರಿಗೆ ಸಮನಾದವರು ಆಗ ಕಡಮೆ. 1995ರಲ್ಲಿ ಅವರ ತಂಡದಲ್ಲಿ ಡಗ್ ಹ್ಯಾನ್ಸೆನ್ ಎಂಬ ಅಮೆರಿಕದ ಅಂಚೆ ನೌಕರರಿದ್ದರು. ಸಿರಿವಂತರಲ್ಲ, ದುಡಿದು ಕೂಡಿಟ್ಟ ಹಣದಲ್ಲಿ ಬಂದವರು. ದಕ್ಷಿಣ ಶಿಖರದವರೆಗೆ ಹೋಗಿದ್ದಾಯಿತು. ತುದಿಗೆ ಉಳಿದದ್ದು ನೂರು ಮೀಟರಿನಷ್ಟು ಎತ್ತರ. ಹೊತ್ತು ಮೀರಿತೆಂದು ಹಾಲ್ ಅವರನ್ನು ಹಿಂದಿರುಗಿಸಿದರು. ಇಬ್ಬರೂ ಬದುಕಿ ಬಂದರು. ಆ ನೂರು ಮೀಟರು ಮಾತ್ರ ಇಬ್ಬರ ಮನಸ್ಸಿನಲ್ಲೂ ಮುಳ್ಳಾಗಿ ಉಳಿಯಿತೆಂದು ತೋರುತ್ತದೆ. ಮತ್ತೊಮ್ಮೆ ಬರುವಂತೆ ಹಾಲ್ ಅವರೇ ಒತ್ತಾಯಪಡಿಸಿದರು. 1996ರ ಮೇ 10ರಂದು ಹ್ಯಾನ್ಸೆನ್ ತೀರ ಹಿಂದೆ ಬಿದ್ದರು. ತಿರುಗಲು ಗೊತ್ತಾಗಿದ್ದ ಹೊತ್ತು ಮಧ್ಯಾಹ್ನ ಎರಡು ಗಂಟೆಯೊಳಗೆ. ಅವರು ತುದಿ ಮುಟ್ಟಿದಾಗ ನಾಲ್ಕರ ಸುಮಾರು. ಹಾಲ್ ಅಲ್ಲಿಯೇ ಅವರಿಗಾಗಿ ಕಾದಿದ್ದರು. ಸಂಜೆ ಬಿರುಗಾಳಿ ಎದ್ದಿತು. ಹ್ಯಾನ್ಸೆನ್ ಉಳಿಯಲಿಲ್ಲ. ಮರುದಿನ ದಕ್ಷಿಣ ಶಿಖರದ ಬಳಿ ಕೈಕಾಲು ಮರಗಟ್ಟಿ ಸಿಕ್ಕಿಬಿದ್ದಿದ್ದ ಹಾಲ್, ನ್ಯೂಜಿಲೆಂಡಿನಲ್ಲಿದ್ದ ತಮ್ಮ ಗರ್ಭಿಣಿ ಪತ್ನಿಯೊಡನೆ ರೇಡಿಯೋ ಮೂಲಕ ಮಾತನಾಡಿದರು. ಅಲ್ಲಿಂದ ಇಳಿದು ಬರಲಿಲ್ಲ. ಅದೇ ಬಿರುಗಾಳಿಯಲ್ಲಿ ಟಿಬೆಟ್ಟಿನ ಕಡೆಯಿಂದ ಏರುತ್ತಿದ್ದ ಭಾರತ-ಟಿಬೆಟ್ ಗಡಿ ಪೊಲೀಸ್ ಪಡೆಯ ಮೂವರೂ ಮಡಿದರು. ಹಾಲ್ ಅವರಿಗೆ ನಿಯಮ ತಿಳಿಯದಿರಲಿಲ್ಲ. ಹಿಂದಿನ ವರ್ಷ ಅದೇ ಮನುಷ್ಯನ ಮೇಲೆ ಅದನ್ನು ನಡೆಸಿಯೂ ಇದ್ದರು. ಎರಡನೆಯ ಬಾರಿ “ಬೇಡ” ಎನ್ನಲು ನಾಲಗೆ ಏಳದಿದ್ದುದು ಮರುಕದಿಂದಲೇ ಇರಬೇಕು.

ಎವರೆಸ್ಟಿನ ಮಾತು ದೂರದ್ದೆನಿಸಬಹುದು. 2024ರ ಜೂನ್ ಮೊದಲ ವಾರದಲ್ಲಿ ನಡೆದುದು ದೂರದ್ದಲ್ಲ. ಹೆಚ್ಚುಕಡಮೆ ಎಲ್ಲರೂ ಕರ್ನಾಟಕದವರೇ ಆಗಿದ್ದ ಚಾರಣಿಗರ ತಂಡವೊಂದು ಸ್ಥಳೀಯ ಮಾರ್ಗದರ್ಶಿಗಳೂ ಸೇರಿ ಇಪ್ಪತ್ತೆರಡು ಮಂದಿಯಾಗಿ ಉತ್ತರಾಖಂಡದ ಸಹಸ್ರತಾಲ್ ಸರೋವರಕ್ಕೆ ಹೋಗಿತ್ತು. ಅದು ಶಿಖರಾರೋಹಣವಲ್ಲ, ನಡಿಗೆಯ ದಾರಿ. ಆದರೆ 14,000 ಅಡಿಗೂ ಮೇಲಿನದು. ಹಿಂದಿರುಗುವಾಗ ಹಿಮಗಾಳಿಗೆ ಸಿಕ್ಕಿ, ದಾರಿ ಕಾಣದೆ, ಬಯಲಿನಲ್ಲಿಯೇ ರಾತ್ರಿ ಕಳೆಯಬೇಕಾಯಿತು. ಒಂಬತ್ತು ಜನ ತೀರಿಕೊಂಡರು. ಅವರಲ್ಲಿ ವಯಸ್ಸಾದವರೂ, ಬೆಟ್ಟಗಳಲ್ಲಿ ಬಹುಕಾಲ ಪಳಗಿದವರೂ ಇದ್ದರು. ಉಳಿದ ಹದಿಮೂರು ಜನರನ್ನು ವಾಯುಪಡೆಯ ಹೆಲಿಕಾಪ್ಟರುಗಳೂ ರಕ್ಷಣಾ ದಳದವರೂ ಕೆಳಗೆ ತಂದರು. ರಾಜ್ಯ ಸರ್ಕಾರದ ಪರವಾಗಿ ಸಚಿವ ಕೃಷ್ಣ ಬೈರೇಗೌಡರು ಡೆಹರಾಡೂನಿಗೆ ಧಾವಿಸಿದರು. ಬದುಕಿದವರೂ, ಬಳಿಕ ಪೆಟ್ಟಿಗೆಗಳಲ್ಲಿ ಒಂಬತ್ತು ದೇಹಗಳೂ ಬೆಂಗಳೂರಿಗೆ ವಿಮಾನದಲ್ಲಿಯೇ ಮರಳಿದುವು. ಹಾಗೆ ಮರಳಿದ ನೆಲ ದೇವನಹಳ್ಳಿಯದು.

ಒಳ್ಳೆಯ ಮಾರ್ಗದರ್ಶಿಯಿದ್ದ ಮಾತ್ರಕ್ಕೆ ಪರ್ವತ ಸೌಮ್ಯವಾಗದು. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಾಂಡಾ ಶಿಖರದಲ್ಲಿ ಉರುಳಿದ ಹಿಮರಾಶಿಯು ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತಂಡದ ಇಪ್ಪತ್ತೊಂಬತ್ತು ಜನರನ್ನು ಬಲಿ ತೆಗೆದುಕೊಂಡಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಎವರೆಸ್ಟ್ ಏರಿದ್ದ ಬೋಧಕಿ ಸವಿತಾ ಕನ್ಸ್ವಾಲ್ ಅವರಲ್ಲೊಬ್ಬರು. ಹಾಗಿದ್ದರೂ, ವೇಳೆ ಇರುವವರು ಆ ಸಂಸ್ಥೆಯಲ್ಲೋ, 1954ರಲ್ಲಿ ಡಾರ್ಜಿಲಿಂಗಿನಲ್ಲಿ ಆರಂಭವಾದ ಸಂಸ್ಥೆಯಲ್ಲೋ ಸುಮಾರು ನಾಲ್ಕು ವಾರದ ಶಿಕ್ಷಣ ಪಡೆದು ಬರುವುದೇ ಮೇಲು. ಹಗ್ಗ ಹಿಡಿಯಲು ಬರುವವನಿಗೆ ಮಾರ್ಗದರ್ಶಿಯ ಮಾತಿನ ಅರ್ಥವೂ ಆಗುತ್ತದೆ.

ಹಣ ಕಟ್ಟುವ ಮುನ್ನ ಕೇಳಬೇಕಾದುದು ಹೆಚ್ಚೇನಿಲ್ಲ. ಒಬ್ಬ ಮಾರ್ಗದರ್ಶಿಯ ಪಾಲಿಗೆ ಎಷ್ಟು ಜನ? ತಿರುಗುವ ಗಂಟೆ ಯಾವುದು, ಅದನ್ನು ನಿರ್ಧರಿಸುವವರು ಯಾರು? ಒಬ್ಬನಿಗೆ ಕಾಯಿಲೆಯಾದರೆ ಅವನ ಜೊತೆಗೆ ಇಳಿಯುವವರು ಯಾರು, ಉಳಿದವರ ಜೊತೆಗೆ ನಿಲ್ಲುವವರು ಯಾರು? ಆಮ್ಲಜನಕದ ಸಿಲಿಂಡರು ಯಾವ ಬಿಡಾರದಲ್ಲಿರುತ್ತದೆ? ಉಪಗ್ರಹ ಫೋನನ್ನು ಸರ್ಕಾರದ ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ಹಾಗಾದರೆ ಸುದ್ದಿ ಕೆಳಗೆ ಮುಟ್ಟುವುದು ಹೇಗೆ? ಶಿಖರಕ್ಕೆ ದೆಹಲಿಯ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಅನುಮತಿ ಪಡೆದಿದೆಯೆ? ವಿಮೆಯ ಕಾಗದವನ್ನು ಕೊನೆಯ ಪುಟದವರೆಗೂ ಓದಬೇಕು. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಅನೇಕವು ಪರ್ವತಾರೋಹಣವನ್ನು ಸಣ್ಣ ಅಕ್ಷರಗಳಲ್ಲಿ ಹೊರಗಿಟ್ಟಿರುತ್ತವೆ. ಅರ್ಧದಲ್ಲಿ ಹಿಂದಿರುಗಿದರೆ ಹಣ ವಾಪಸು ಬರುವುದೆ ಎಂಬ ಪ್ರಶ್ನೆ ಮಾತ್ರ ಬೇಡ. ಬರುವುದಿಲ್ಲ. ಹೋದ ಹಣವೆಂದು ಮೊದಲೇ ಮನಸ್ಸು ಗಟ್ಟಿಮಾಡಿಕೊಂಡವನಿಗೆ ತಿರುಗುವ ಗಂಟೆಯಲ್ಲಿ ಕಾಲು ಹಗುರವಾಗಿರುತ್ತದೆ.

ಹೊರಡುವವನು ಮನೆಯಲ್ಲಿ ಬಿಟ್ಟುಹೋಗಬೇಕಾದ ಕಾಗದವೊಂದುಂಟು. ಯಾವ ದಿನ ಯಾವ ಬಿಡಾರ, ಮಾರ್ಗದರ್ಶಿಯ ಹೆಸರು, ಸಂಸ್ಥೆಯ ಫೋನ್ ಸಂಖ್ಯೆ, ರಕ್ತದ ಗುಂಪು, ಫೋನು ಸಿಗದಿರುವ ದಿನಗಳು ಎಷ್ಟು, ಎಂದಿನವರೆಗೆ ಸುದ್ದಿ ಬಾರದಿದ್ದರೆ ಯಾರಿಗೆ ತಿಳಿಸಬೇಕು, ಇಷ್ಟನ್ನು ತಾಯಿಗೆ ಕನ್ನಡಕವಿಲ್ಲದೆ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಬರೆದು, ಅಡಿಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿ ಹೋಗಬೇಕು.