ಬಲಿಷ್ಠರೆಲ್ಲ ಒಂದೇ ಗುಂಪಿಗೆ ಬಿದ್ದರೆ ಅದು ಮೋಸವೇ?

ಅಮೆರಿಕದ ಹ್ಯೂಸ್ಟನ್‌ನಲ್ಲಿ ಏಪ್ರಿಲ್ ತಿಂಗಳು ಹೈಸ್ಕೂಲ್ ಮಕ್ಕಳ 'ಫಸ್ಟ್' ರೋಬೋಟ್ ಚಾಂಪಿಯನ್‌ಶಿಪ್ ನಡೆಯುತ್ತದೆ. ಸುಮಾರು 600 ತಂಡಗಳನ್ನು ನ್ಯೂಟನ್, ಕ್ಯೂರಿ, ಗೆಲಿಲಿಯೊ ಹೀಗೆ ವಿಜ್ಞಾನಿಗಳ ಹೆಸರಿನ 8 ವಿಭಾಗಗಳಿಗೆ ಹಂಚುತ್ತಾರೆ. ಕೆಲವು ತಂಡಗಳು ಕೂಡಿ ಒಂದು ಕೂಟವಾಗಿ ಆಡುತ್ತವೆ. ವಿಭಾಗ ಗೆದ್ದ ಒಂದೇ ಕೂಟ 'ಐನ್‌ಸ್ಟೈನ್' ಎಂಬ ಕೊನೆಯ ಅಂಕಣಕ್ಕೆ ಹೋಗುತ್ತದೆ.

ಹಾಗಾಗಿ ಪಟ್ಟಿ ಬಂದ ಕೂಡಲೇ ಊಹೆ ಶುರು. ತಂಡದ ನಂಬರ್ ನೋಡಿ ಹಂಚಿದರೇ? ಬೇಕಾದವರಿಗೆ ಸುಲಭದ ವಿಭಾಗ ಕೊಟ್ಟರೇ? ನಾಲ್ಕು ಬಲಿಷ್ಠ ತಂಡ ಒಂದೇ ಕಡೆ ಕಂಡರಂತೂ ಅನುಮಾನ ಗಟ್ಟಿಯಾಗುತ್ತದೆ.

ಲೆಕ್ಕ ಹಾಕಿ ನೋಡಿ. ಐದು ಬಲಿಷ್ಠ ತಂಡಗಳನ್ನು ಬರೀ ಚೀಟಿ ಎತ್ತಿ 8 ವಿಭಾಗಕ್ಕೆ ಹಾಕಿದರೆ, ಕನಿಷ್ಠ ಎರಡು ಒಂದೇ ವಿಭಾಗಕ್ಕೆ ಬೀಳುವ ಸಾಧ್ಯತೆ 100ಕ್ಕೆ ಸುಮಾರು 80. ಯಾರ ಕೈವಾಡವೂ ಬೇಕಿಲ್ಲ. ಚೀಟಿಗೆ ಪಕ್ಷಪಾತ ಗೊತ್ತಿಲ್ಲ, ಸಮತೋಲನವೂ ಗೊತ್ತಿಲ್ಲ.

ಸಮ ಆಗಬೇಕಾದರೆ ಬಲಿಷ್ಠರನ್ನು ಮೊದಲು ವಿಭಾಗಕ್ಕೊಬ್ಬರಂತೆ ಇಟ್ಟು, ಉಳಿದವರಿಗೆ ಚೀಟಿ ಎತ್ತಬೇಕು. ಬಲಿಷ್ಠರು ಯಾರು ಅನ್ನುವುದನ್ನು ಯಾವ ಅಂಕದ ಮೇಲೆ ತೀರ್ಮಾನಿಸುತ್ತೇವೆ ಎಂದು ಪಟ್ಟಿಗೆ ಮೊದಲೇ ಹೇಳಬೇಕು. ನಮ್ಮೂರ ಕಬಡ್ಡಿ ಕಮಿಟಿಯವರೂ ಹೀಗೆ ಮಾಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.